ತಿಕ್ಕದೆ ಬೆಳಗುವ ಬೆಳ್ಳಿ

ನಿಮ್ಮ ಮನೆಯಲ್ಲಿ ಎರಡು ಮೂರು ತಲೆಮಾರುಗಳಿಂದ ಬಂದ ಬೆಳ್ಳಿಯ ಕರಡಿಗೆಯೊಂದಿದ್ದರೆ ಅದನ್ನು ಒಮ್ಮೆ ಬೆಳಕಿಗೆ ಹಿಡಿದು ನೋಡಿರಿ. ಮುಚ್ಚಳದ ಮೇಲಿನ ನಂದಿಯ ಕಿವಿ, ಕೊಂಬುಗಳು ಮೊಂಡಾಗಿರಬಹುದು. ಅಂಚಿನ ಬಳ್ಳಿಯ ಎಲೆಗಳು ಒಂದಕ್ಕೊಂದು ಕೂಡಿಕೊಂಡು ಬರಿಯ ಉಬ್ಬಾಗಿ ಉಳಿದಿರಬಹುದು. ಹಿಂಬದಿಯಲ್ಲಿ ಕೆತ್ತಿಸಿದ್ದ ಹಿರಿಯರ ಹೆಸರಿನಲ್ಲಿ ಎರಡು ಅಕ್ಷರಗಳು ಓದಲು ಬಾರದಂತೆ ಅಳಿದಿರಬಹುದು. ಇದಕ್ಕೆ ಮೈಮೇಲಿನ ಬಟ್ಟೆಯ ಸವೆತ ಒಂದು ಕಾರಣ. ಆದರೆ ಅದಕ್ಕಿಂತ ದೊಡ್ಡ ಕಾರಣ ನಮ್ಮ ಭಕ್ತಿಯೇ ಆಗಿದೆಯೆಂದರೆ ಆಶ್ಚರ್ಯಪಡಬೇಡಿರಿ. ಹಬ್ಬ ಹುಣ್ಣಿಮೆ ಬಂದಾಗಲೆಲ್ಲ ವಿಭೂತಿಯಿಂದಲೋ, ಒಲೆಯ ಬೂದಿಯಿಂದಲೋ, ರಂಗೋಲಿ ಪುಡಿಯಿಂದಲೋ ತಿಕ್ಕಿ ತಿಕ್ಕಿ ಬೆಳಗಿದ ಕೈಗಳು ಕಪ್ಪನ್ನು ಮಾತ್ರವಲ್ಲ, ಬೆಳ್ಳಿಯನ್ನೂ ಸ್ವಲ್ಪ ಸ್ವಲ್ಪವೇ ತೆಗೆಯುತ್ತ ಬಂದಿವೆ.

ಹಾಗಾದರೆ ತಿಕ್ಕದೆಯೇ ಈ ಕಪ್ಪನ್ನು ಕಳೆಯಲು ಸಾಧ್ಯವೇ? ಸಾಧ್ಯವಿದೆ. ಒಂದು ಬೋಗುಣಿ, ಬಿಸಿನೀರು, ಸೋಡಾ ಮತ್ತು ಒಂದು ತುಂಡು ಅಲ್ಯುಮಿನಿಯಂ ಇದ್ದರೆ ಸಾಕು. ಉಪಾಯವು ಸರಳವೇ ಹೌದು. ಆದರೆ ಅದು ಮನುಷ್ಯನ ಕೈಗೆ ಬಂದ ದಾರಿ ಬಹಳ ಸುತ್ತಿನದು.

ಮೊದಲು ಈ ಕಪ್ಪು ಏನೆಂಬುದನ್ನು ತಿಳಿಯಬೇಕು. ಕಬ್ಬಿಣಕ್ಕೆ ತುಕ್ಕು ಹಿಡಿದಂತೆ ಬೆಳ್ಳಿಗೂ ತುಕ್ಕು ಹಿಡಿಯುತ್ತದೆಂದು ಅನೇಕರು ಭಾವಿಸಿದ್ದಾರೆ. ಇದು ಸರಿಯಲ್ಲ. ಶುದ್ಧವಾದ ಗಾಳಿಯಲ್ಲಿ ಬೆಳ್ಳಿಯು ಎಷ್ಟು ಕಾಲವಿದ್ದರೂ ಬಣ್ಣಗೆಡದು. ಅದನ್ನು ಕೆಡಿಸುವುದು ಗಂಧಕ. ಕೊಳೆತ ಮೊಟ್ಟೆಯ ವಾಸನೆಯುಳ್ಳ, ಗಂಧಕ ಮತ್ತು ಜಲಜನಕಗಳು ಕೂಡಿದ ಅನಿಲವು ಚರಂಡಿಯಿಂದ, ಕೊಳೆಯುವ ವಸ್ತುಗಳಿಂದ, ಕಲ್ಲಿದ್ದಲಿನ ಹೊಗೆಯಿಂದ ಗಾಳಿಗೆ ಸೇರುತ್ತಿರುತ್ತದೆ. ಅದು ತೀರ ಅತ್ಯಲ್ಪ ಪ್ರಮಾಣದಲ್ಲಿದ್ದರೂ ಬೆಳ್ಳಿಯು ಅದನ್ನು ಹಿಡಿದು ಬೆಳ್ಳಿಯ ಸಲ್ಫೈಡಾಗಿ ಮಾರ್ಪಡುತ್ತದೆ. ಪದರವು ತೆಳುವಾಗಿದ್ದಾಗ ಹಳದಿ, ಬೆಳೆದಂತೆ ಕಂದು, ಬಳಿಕ ನೀಲಿಛಾಯೆ, ಕೊನೆಗೆ ಕಪ್ಪು. ಹೀಗೆ ಬಣ್ಣವನ್ನು ನೋಡಿಯೇ ಪದರದ ದಪ್ಪವನ್ನು ಊಹಿಸಬಹುದು.

ಇಲ್ಲಿಯೇ ಒಂದು ಲೆಕ್ಕವನ್ನು ಗಮನಿಸಬೇಕು. ಈ ಕಪ್ಪು ಪದಾರ್ಥದ 100 ಪಾಲು ತೂಕದಲ್ಲಿ ಸುಮಾರು 87 ಪಾಲು ಬೆಳ್ಳಿಯೇ ಆಗಿದೆ; ಗಂಧಕವಿರುವುದು ಕೇವಲ 13 ಪಾಲು. ಆದುದರಿಂದ ಬಟ್ಟೆಗೆ ಅಂಟಿ ಬರುವ ಆ ಮಸಿಯು ಹೊರಗಿನ ಕೊಳೆಯಲ್ಲ. ಅದು ನಿಮ್ಮ ಪಾತ್ರೆಯ ಮೈಯೇ. ಅದರ ಮೇಲೆ ಬೂದಿಯಲ್ಲಿರುವ ಮರಳಿನಂಶವು ಬೆಳ್ಳಿಗಿಂತ ಎಷ್ಟೋ ಗಟ್ಟಿಯಾದುದರಿಂದ ಕಪ್ಪು ಹೋದ ಮೇಲೆ ಬಿಳಿಯ ಬೆಳ್ಳಿಯನ್ನೂ ಗೀರುತ್ತದೆ.

ತಿಕ್ಕುವ ರೂಢಿಯು ನಮ್ಮಲ್ಲಿ ಮಾತ್ರ ಇದ್ದುದಲ್ಲ. ಇಂಗ್ಲೆಂಡಿನಲ್ಲಿ ಸೀಮೆಸುಣ್ಣದ ನುಣ್ಣನೆಯ ಪುಡಿಯನ್ನೂ, ಜಿಂಕೆಯ ಕೊಂಬನ್ನು ಸುಟ್ಟ ಬೂದಿಯನ್ನೂ, ಕಬ್ಬಿಣದ ಕೆಂಪು ಭಸ್ಮವನ್ನೂ ಇದಕ್ಕೆ ಬಳಸುತ್ತಿದ್ದರು. ಗಟ್ಟಿ ಬೆಳ್ಳಿಯ ಪಾತ್ರೆಗಳು ಈ ಉಪಚಾರವನ್ನು ಹೇಗೋ ಸಹಿಸಿದವು. ಆದರೆ 1740ರ ದಶಕದಲ್ಲಿ ಶೆಫೀಲ್ಡ್ ನಗರದ ಥಾಮಸ್ ಬೋಲ್ಸೋವರ್ ಎಂಬ ಕುಶಲಕರ್ಮಿಯು ತಾಮ್ರದ ತಗಡಿಗೆ ಬೆಳ್ಳಿಯ ತಗಡನ್ನು ಬೆಸೆಯುವ ವಿಧಾನವನ್ನು ಕಂಡುಹಿಡಿದನು. 1840ರಲ್ಲಿ ಬರ್ಮಿಂಗ್‌ಹ್ಯಾಮಿನ ಎಲ್ಕಿಂಗ್ಟನ್ನರು ವಿದ್ಯುತ್ತಿನಿಂದ ಬೆಳ್ಳಿಯ ಲೇಪ ಕೊಡುವ ವಿಧಾನಕ್ಕೆ ಹಕ್ಕುಪತ್ರ ಪಡೆದರು. ಇದರಿಂದ ಮಧ್ಯಮ ವರ್ಗದವರ ಮನೆಗೂ ಬೆಳ್ಳಿಯ ಹೊಳಪು ಬಂದಿತು. ಜೊತೆಗೆ ಒಂದು ಹೊಸ ಚಿಂತೆಯೂ ಬಂದಿತು. ಕೂದಲಿಗಿಂತ ತೆಳುವಾದ ಆ ಲೇಪವನ್ನು ವರ್ಷವಿಡೀ ತಿಕ್ಕಿದರೆ ಒಳಗಿನ ತಾಮ್ರವು ಕೆಂಪಗೆ ಇಣುಕತೊಡಗುತ್ತದೆ. ಅದೇ ಕಾಲಕ್ಕೆ ಊರೂರುಗಳಲ್ಲಿ ಕಲ್ಲಿದ್ದಲಿನ ಹೊಗೆಯೂ ಕಲ್ಲಿದ್ದಲ ಅನಿಲದ ದೀಪಗಳೂ ಹೆಚ್ಚಿದುದರಿಂದ ಬೆಳ್ಳಿಯು ಮೊದಲಿಗಿಂತ ಬೇಗ ಕಪ್ಪಾಗತೊಡಗಿತು. ಅವಸರಕ್ಕೆ ತಕ್ಕಂತೆ ತಿಕ್ಕುವುದೂ ಹೆಚ್ಚಿತು.

ಇನ್ನು ತಿಕ್ಕದೆ ತೊಳೆಯುವ ವಿದ್ಯೆಯ ಬೀಜವನ್ನು ನೋಡೋಣ. ಅದನ್ನು ಬಿತ್ತಿದವರಿಗೆ ಬೆಳ್ಳಿ ತೊಳೆಯುವ ಯೋಚನೆಯೇ ಇರಲಿಲ್ಲ. 1752ರಲ್ಲಿ ಸುಲ್ಟ್ಸರ್ ಎಂಬ ಪಂಡಿತನು ಸೀಸದ ತುಂಡನ್ನೂ ಬೆಳ್ಳಿಯ ತುಂಡನ್ನೂ ಒಂದಕ್ಕೊಂದು ತಾಗಿಸಿ ನಾಲಗೆಯ ಮೇಲಿಟ್ಟುಕೊಂಡನು. ಬಿಡಿಬಿಡಿಯಾಗಿ ಯಾವ ರುಚಿಯನ್ನೂ ಕೊಡದ ಆ ಲೋಹಗಳು ಕೂಡಿದಾಗ ಅನ್ನಭೇದಿಯ ರುಚಿ ಕೊಟ್ಟವು. ಅದೇಕೆಂದು ಅವನಿಗೆ ತಿಳಿಯಲಿಲ್ಲ. ಸುಮಾರು ಅರ್ಧ ಶತಮಾನದ ಬಳಿಕ, 1800ರಲ್ಲಿ, ಇಟಲಿಯ ಅಲೆಸ್ಸಾಂಡ್ರೋ ವೋಲ್ಟಾ ಬೆಳ್ಳಿ ಮತ್ತು ಸತುವಿನ ಬಿಲ್ಲೆಗಳನ್ನು ಒಂದರ ಮೇಲೊಂದಿಟ್ಟು, ನಡುವೆ ಉಪ್ಪುನೀರಿನಲ್ಲಿ ನೆನೆಸಿದ ರಟ್ಟನ್ನು ಸೇರಿಸಿ, ನಿರಂತರವಾಗಿ ವಿದ್ಯುತ್ತು ಹರಿಯುವ ಕಂಬವನ್ನು ನಿರ್ಮಿಸಿ ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದು ತಿಳಿಸಿದನು. ಬೆಳ್ಳಿ, ಅದಕ್ಕಿಂತ ಚುರುಕಾದ ಇನ್ನೊಂದು ಲೋಹ, ನಡುವೆ ಲವಣದ ನೀರು: ವಾಚಕರೇ, ಈ ಮೂರನ್ನು ನೆನಪಿನಲ್ಲಿಡಿರಿ. ನಿಮ್ಮ ಅಡುಗೆಮನೆಯ ಬೋಗುಣಿಯಲ್ಲಿ ಮುಂದೆ ಸೇರುವುದೂ ಈ ಮೂರೇ.

1824ರಲ್ಲಿ ಹಂಫ್ರಿ ಡೇವಿಯು ಇದೇ ತತ್ತ್ವವನ್ನು ಸಮುದ್ರಕ್ಕೆ ಒಯ್ದನು. ಬ್ರಿಟಿಷ್ ನೌಕೆಗಳ ತಳಕ್ಕೆ ಹೊದಿಸಿದ್ದ ತಾಮ್ರವು ಉಪ್ಪುನೀರಿನಲ್ಲಿ ಸವೆಯುತ್ತಿತ್ತು. ತಾಮ್ರಕ್ಕೆ ಸತುವಿನ ಅಥವಾ ಕಬ್ಬಿಣದ ತುಂಡನ್ನು ತಾಗಿಸಿದರೆ ಆ ತುಂಡು ತಾನು ಕರಗಿ ತಾಮ್ರವನ್ನು ಉಳಿಸುತ್ತದೆಂದು ಅವನು ತೋರಿಸಿದನು. ತಾಮ್ರವೇನೋ ಉಳಿಯಿತು. ಆದರೆ ಅದರ ವಿಷವು ನೀರಿಗೆ ಸೇರುವುದು ನಿಂತುದರಿಂದ ಚಿಪ್ಪಿನ ಹುಳುಗಳೂ ಪಾಚಿಯೂ ಹಡಗಿನ ತಳವನ್ನು ಮುತ್ತಿ ಅದರ ವೇಗವನ್ನೇ ಕುಂಠಿಸಿದವು! ಪ್ರಯೋಗವನ್ನು ಕೈಬಿಡಬೇಕಾಯಿತು, ತತ್ತ್ವವು ಮಾತ್ರ ಉಳಿಯಿತು. 1888ರಲ್ಲಿ ಬರ್ಲಿನ್ನಿನ ರಾಜಕೀಯ ವಸ್ತುಸಂಗ್ರಹಾಲಯಗಳಿಗಾಗಿ ರಸಾಯನಶಾಲೆಯೊಂದು ಏರ್ಪಟ್ಟಿತು. ಅದರ ಮುಖ್ಯಸ್ಥ ಫ್ರೀಡ್ರಿಖ್ ರಾತ್ಗೆನ್ 1898ರಲ್ಲಿ ಪ್ರಕಟಿಸಿದ ಗ್ರಂಥವು ನೆಲದಿಂದ ಅಗೆದು ತೆಗೆದ ಲೋಹದ ವಸ್ತುಗಳನ್ನು ಕೆರೆಯದೆ, ರಸಾಯನ ಮತ್ತು ವಿದ್ಯುತ್ತಿನ ಬಲದಿಂದ ಉಳಿಸುವ ವಿಧಾನಗಳನ್ನು ವಿವರಿಸಿತು.

ಮನೆಬಳಕೆಗೆ ಅಡ್ಡಿಯಾಗಿದ್ದುದು ಒಂದೇ: ಸುಲಭವಾಗಿ ಸಿಗುವ ಚುರುಕು ಲೋಹ. ಅಲ್ಯುಮಿನಿಯಂ ಆಗ ಇದ್ದಿತಾದರೂ ಅದು ಅರಸರ ಲೋಹವಾಗಿತ್ತು. 1855ರ ಪ್ಯಾರಿಸ್ ಪ್ರದರ್ಶನದಲ್ಲಿ ಅದರ ಗಟ್ಟಿಗಳನ್ನು ಅಪೂರ್ವ ವಸ್ತುವೆಂದು ಇರಿಸಿದ್ದರು. 1884ರಲ್ಲಿ ಅಮೆರಿಕೆಯ ವಾಷಿಂಗ್ಟನ್ ಸ್ಮಾರಕಸ್ತಂಭದ ತುದಿಗೆ 100 ಔನ್ಸು ತೂಕದ ಅಲ್ಯುಮಿನಿಯಂ ಕಳಸವಿಟ್ಟಾಗ ಅದರ ಬೆಲೆ ಹೆಚ್ಚುಕಡಿಮೆ ಬೆಳ್ಳಿಯ ಬೆಲೆಯೇ ಆಗಿತ್ತು. ಎರಡೇ ವರ್ಷಗಳಲ್ಲಿ, 1886ರಲ್ಲಿ, ಅಮೆರಿಕೆಯ ಹಾಲ್ ಮತ್ತು ಫ್ರಾನ್ಸಿನ ಎರೂ ಎಂಬ ಇಬ್ಬರು ತರುಣರು ಒಬ್ಬರನ್ನೊಬ್ಬರು ಅರಿಯದೆಯೇ ವಿದ್ಯುತ್ತಿನಿಂದ ಅದನ್ನು ಅಗ್ಗವಾಗಿ ತೆಗೆಯುವ ಒಂದೇ ವಿಧಾನವನ್ನು ಕಂಡುಹಿಡಿದರು. ಕಳಸದ ಲೋಹವು ಒಲೆಯ ಮೇಲಿನ ಪಾತ್ರೆಯಾಯಿತು. ನಮ್ಮ ದಕ್ಷಿಣದೇಶಕ್ಕೆ ಅದು ಬಂದುದೂ ತಡವಾಗಿ ಅಲ್ಲ. 1898ರಲ್ಲಿ ಮದರಾಸಿನ ಕಲಾಶಾಲೆಯಲ್ಲಿ ಆಲ್ಫ್ರೆಡ್ ಚಾಟರ್ಟನ್ ಅಲ್ಯುಮಿನಿಯಂ ಪಾತ್ರೆಗಳ ತಯಾರಿಕೆಯನ್ನು ಆರಂಭಿಸಿದರು. ಇದೇ ಚಾಟರ್ಟನ್ನರು ಮುಂದೆ ಮೈಸೂರು ಸಂಸ್ಥಾನದ ಕೈಗಾರಿಕಾ ಇಲಾಖೆಯ ನಿರ್ದೇಶಕರಾದರೆಂಬುದನ್ನು ಇಲ್ಲಿ ಸ್ಮರಿಸಬಹುದು. 20ನೆಯ ಶತಮಾನದ ಮೊದಲ ದಶಕಗಳಲ್ಲಿ ಅಮೆರಿಕೆಯ ಗೃಹವಿಜ್ಞಾನದ ಕೈಪಿಡಿಗಳು ಅಲ್ಯುಮಿನಿಯಂ ಮತ್ತು ಸೋಡಾದ ಈ ಕ್ರಮವನ್ನು ಗೃಹಿಣಿಯರಿಗೆ ಬೋಧಿಸತೊಡಗಿದವು.

ಕ್ರಮವು ಹೀಗಿದೆ. ಗಾಜಿನ ಅಥವಾ ಪಿಂಗಾಣಿಯ ಬೋಗುಣಿಯ ತಳಕ್ಕೆ ಅಲ್ಯುಮಿನಿಯಂ ಹಾಳೆಯನ್ನು ಹಾಸಿರಿ. ಇಲ್ಲವೇ ಅಡುಗೆಗೆ ಬಿಟ್ಟುಬಿಟ್ಟ ಹಳೆಯ ಅಲ್ಯುಮಿನಿಯಂ ಪಾತ್ರೆಯನ್ನೇ ತೆಗೆದುಕೊಳ್ಳಿರಿ. ಬೆಳ್ಳಿಯ ಮೇಲಿನ ಎಣ್ಣೆ, ಕುಂಕುಮ, ವಿಭೂತಿಗಳನ್ನು ಅಂಟುವಾಳದ ನೀರಿನಿಂದಲೋ ಸಾಬೂನಿನಿಂದಲೋ ಮೊದಲೇ ತೊಳೆದುಕೊಳ್ಳಬೇಕು. ಬಳಿಕ ವಸ್ತುವನ್ನು ಅಲ್ಯುಮಿನಿಯಮ್ಮಿಗೆ ತಾಗುವಂತೆ ಇಟ್ಟು, ಅದು ಮುಳುಗುವಷ್ಟು ಕುದಿಯುವ ನೀರನ್ನು ಹೊಯ್ದು, ಲೀಟರಿಗೆ ಒಂದು ದೊಡ್ಡ ಚಮಚದಂತೆ ಬಟ್ಟೆ ಸೋಡಾ ಅಥವಾ ಅಡುಗೆ ಸೋಡಾ ಹಾಕಬೇಕು. ಚಿಟಿಕೆ ಉಪ್ಪನ್ನೂ ಹಾಕುವ ರೂಢಿಯುಂಟು, ಇಲ್ಲದಿದ್ದರೂ ನಡೆಯುತ್ತದೆ. ತಾಗಿರುವುದು ಅತ್ಯವಶ್ಯ, ತಾಗದಿದ್ದರೆ ಏನೂ ನಡೆಯದು. ಅಲ್ಯುಮಿನಿಯಮ್ಮಿನ ಮೇಲಿರುವ ಗಟ್ಟಿಯಾದ ಪೊರೆಯನ್ನು ಸೋಡಾ ಕರಗಿಸುತ್ತದೆ. ಆಗ ಆ ಲೋಹವು ಕರಗುತ್ತ ಬೆಳ್ಳಿಗೆ ವಿದ್ಯುದಂಶವನ್ನು ಒಪ್ಪಿಸುತ್ತದೆ, ಗಂಧಕವು ಬೆಳ್ಳಿಯನ್ನು ಬಿಟ್ಟುಹೋಗುತ್ತದೆ, ಬೆಳ್ಳಿಯು ಇದ್ದಲ್ಲಿಯೇ ಮತ್ತೆ ಬೆಳ್ಳಿಯಾಗುತ್ತದೆ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಗಾಬರಿಯಾಗಬೇಡಿರಿ, ಗಂಧಕವು ಹೊರಟಿತೆಂದು ತಿಳಿದು ಕಿಟಕಿಯನ್ನು ತೆರೆಯಿರಿ. ಕೆಲವು ನಿಮಿಷಗಳಲ್ಲಿ ಕೆಲಸ ಮುಗಿಯುತ್ತದೆ. ತಣ್ಣೀರಿನಲ್ಲಿ ಚೆನ್ನಾಗಿ ಜಾಲಿಸಿ, ಮೆತ್ತನೆಯ ಹತ್ತಿಬಟ್ಟೆಯಿಂದ ಒತ್ತಿ ಒರೆಸಿರಿ.

ಹೊಳಪಿನ ವಿಷಯದಲ್ಲಿ ಹೆಚ್ಚಿನ ಆಸೆಯನ್ನಿಟ್ಟುಕೊಳ್ಳಬಾರದು. ಮರಳಿದ ಬೆಳ್ಳಿಯು ಸೂಕ್ಷ್ಮ ರಂಧ್ರಗಳಿಂದ ಕೂಡಿರುವುದರಿಂದ ಅದು ಕನ್ನಡಿಯಂತೆ ಹೊಳೆಯದೆ ಹಾಲುಬಿಳುಪಾಗಿ ಕಾಣುವುದುಂಟು. ಮತ್ತೆ ಬೇಗ ಕಪ್ಪಾಗುವುದೂ ಉಂಟು. ಕಪ್ಪು ದಟ್ಟವಾಗಿದ್ದಷ್ಟೂ ಈ ದೋಷ ಹೆಚ್ಚು. ನನ್ನ ಅಭಿಪ್ರಾಯದಲ್ಲಿ ಅಕ್ಷರಗಳು ಅಳಿಯುವುದಕ್ಕಿಂತ ಹೊಳಪು ತುಸು ಕಡಿಮೆಯಾಗುವುದೇ ಮೇಲು.

ಎಲ್ಲ ವಸ್ತುಗಳಿಗೂ ಈ ಸ್ನಾನ ಸಲ್ಲದು. ಕರಡಿಗೆಯನ್ನು ನೀರಿಗಿಳಿಸುವ ಮೊದಲು ಇಷ್ಟಲಿಂಗವನ್ನೂ ಶಿವದಾರವನ್ನೂ ತೆಗೆದು ಪ್ರತ್ಯೇಕವಾಗಿರಿಸಬೇಕೆಂದು ಭಕ್ತರಿಗೆ ಹೇಳಬೇಕಾದುದಿಲ್ಲ. ಆದರೂ ಲಿಂಗದ ಕಂತಿಗೆ ಬಿಸಿನೀರು, ಸೋಡಾಗಳು ಸೋಕಲೇಬಾರದೆಂದು ಒತ್ತಿ ಹೇಳುತ್ತೇನೆ. ಒಳಗೆ ಅರಗು ತುಂಬಿದ ಟೊಳ್ಳು ಆಭರಣಗಳು, ಹರಳು ಕೂರಿಸಿದವು, ಮರದ ಮೇಲೆ ತಗಡು ಹೊದಿಸಿದ ಪಾದುಕೆ, ಪಲ್ಲಕ್ಕಿಯ ದಂಡಿಗೆಗಳು, ಇವನ್ನು ಮುಳುಗಿಸುವಂತಿಲ್ಲ. ಚಿತ್ರದ ಗೆರೆಗಳು ಎದ್ದು ಕಾಣಲೆಂದು ಅಕ್ಕಸಾಲಿಗನು ಬೇಕೆಂದೇ ಕಪ್ಪು ಕೊಟ್ಟ ಕೆಲಸವಿದ್ದರೆ ಸೋಡಾದ ನೀರಿಗೆ ಆ ವಿವೇಕವಿಲ್ಲ. ಅದು ಎಲ್ಲವನ್ನೂ ಬಿಳಿದು ಮಾಡಿಬಿಡುತ್ತದೆ. ಹಳೆಯ ಬೆಳ್ಳಿಯ ರೂಪಾಯಿಗಳನ್ನು, ಅಂದರೆ 12 ಪಾಲಿನಲ್ಲಿ 11 ಪಾಲು ಬೆಳ್ಳಿಯಿದ್ದ, 1940ಕ್ಕೆ ಹಿಂದಿನ ತೊಲೆ ತೂಕದ ನಾಣ್ಯಗಳನ್ನು, ಹೇಗಿವೆಯೋ ಹಾಗೆಯೇ ಬಿಡುವುದು ಲೇಸು. ನಾಣ್ಯ ಸಂಗ್ರಾಹಕರು ಆ ಮಬ್ಬಿಗೇ ಬೆಲೆ ಕೊಡುತ್ತಾರೆ.

ನಮ್ಮ ಬೀದರಿನ ಬಿದರಿ ಸಾಮಾನುಗಳನ್ನಂತೂ ಈ ಬೋಗುಣಿಯ ಹತ್ತಿರ ತರಬೇಡಿರಿ. ಅದರ ಒಡಲು ಬಹುಪಾಲು ಸತು, ತುಸು ತಾಮ್ರ. ಮೇಲಿನ ಕುಸುರಿ ಬೆಳ್ಳಿ. ಬೀದರ ಕೋಟೆಯ ಹಳೆಯ ಮಣ್ಣಿನಲ್ಲಿ ನವಸಾಗರವನ್ನು ಬೆರೆಸಿ ಲೇಪಿಸಿದಾಗ ಸತುವು ಕಪ್ಪಾಗುತ್ತದೆ, ಬೆಳ್ಳಿಯು ಬಿಳಿಯಾಗಿಯೇ ಉಳಿಯುತ್ತದೆ. ವೋಲ್ಟಾನು ಕಂಬವಾಗಿ ಪೇರಿಸಿದ ಎರಡು ಲೋಹಗಳನ್ನೂ ದಖ್ಖನಿನ ಕುಶಲಕರ್ಮಿಗಳು ಅವನಿಗಿಂತ ಬಹಳ ಮೊದಲೇ ಒಂದೇ ಹೂಜಿಯಲ್ಲಿ ಕೂಡಿಸಿದ್ದರೆಂಬುದು ಸ್ವಾರಸ್ಯದ ಸಂಗತಿ. ಬಿಸಿ ಸೋಡಾನೀರು ಆ ಸತುವನ್ನು ತಿಂದು, ಅದರ ಕಪ್ಪು ಕಾಂತಿಯನ್ನು ಕೆಡಿಸುತ್ತದೆ. ಒಣ ಬಟ್ಟೆಯಿಂದ ಒರೆಸಿ, ತೆಂಗಿನೆಣ್ಣೆಯನ್ನು ತೆಳುವಾಗಿ ಸವರುವುದಷ್ಟೇ ಅದಕ್ಕೆ ತಕ್ಕ ಉಪಚಾರ.

ಕಪ್ಪನ್ನು ತಡೆಯುವುದು ತೆಗೆಯುವುದಕ್ಕಿಂತ ಸುಲಭ. ರಬ್ಬರಿನಲ್ಲಿಯೂ ಉಣ್ಣೆಯಲ್ಲಿಯೂ ಗಂಧಕವಿರುವುದರಿಂದ ಬೆಳ್ಳಿಯನ್ನು ರಬ್ಬರಿನ ಪಟ್ಟಿಯಿಂದ ಕಟ್ಟಬಾರದು, ಕಂಬಳಿಯ ಪೆಟ್ಟಿಗೆಯಲ್ಲಿಡಬಾರದು. ಚೆನ್ನಾಗಿ ಒಗೆದು ಒಣಗಿಸಿದ ಹಳೆಯ ಹತ್ತಿಸೀರೆಯ ತುಂಡಿನಲ್ಲಿ ಸುತ್ತಿ, ಗಾಳಿಯಾಡದ ಡಬ್ಬಿಯಲ್ಲಿಟ್ಟರೆ ಮುಂದಿನ ಶಿವರಾತ್ರಿಯವರೆಗೂ ಅದು ಬಹುಮಟ್ಟಿಗೆ ಬಿಳಿಯಾಗಿಯೇ ಇರುತ್ತದೆ.