ಇಂದ್ರನ ಸಂದೇಹವೂ ವೈದ್ಯರ ಸಂದೇಹವೂ



ನಿನ್ನೆ ಆಗುಂಬೆಯ ಘಾಟಿ ಇಳಿದು, ಹೆಬ್ರಿ ಪೆರ್ಡೂರುಗಳ ಮೇಲೆ ಹಿರಿಯಡ್ಕಕ್ಕೆ ಬರುವಷ್ಟರಲ್ಲಿ ದೀಪ ಹಚ್ಚುವ ಹೊತ್ತಾಗಿತ್ತು. ಶ್ರೀ ವೀರಭದ್ರಸ್ವಾಮಿಯ ದರ್ಶನವಾಯಿತು. ಇಂದು ಹೇಳಬೇಕೆಂದುಕೊಂಡಿದ್ದ ವಿಷಯವೇ ಬೇರೆ. ಆದರೆ ಬೆಳಿಗ್ಗೆ ನಾವು ಪೂಜೆ ಮುಗಿಸಿ ಹೊರಬರುವಾಗ ಈ ಕಡೆಯ ಒಬ್ಬ ತಂದೆ ಕೈಗೊಂದು ಚೀಟಿ ಕೊಟ್ಟರು. ಅವರ ಹೆಸರು ಬೇಡ. ಅವರ ಮಗನಿಗೆ ಮನಸ್ಸಿನ ಕಾಯಿಲೆ. ವರ್ಷದಿಂದ ಮಾತ್ರೆ ತೆಗೆದುಕೊಳ್ಳುತ್ತಿದ್ದಾನೆ, ವೈದ್ಯರೆದುರು ಕುಳಿತು ಮನಸ್ಸು ಬಿಚ್ಚಿ ಮಾತನಾಡುತ್ತಾನೆ, ಈಗ ಎಷ್ಟೋ ಮೇಲು. ಹೀಗಿರುವಾಗ ಎಲ್ಲಿಯೋ ಓದಿಕೊಂಡು, “ತನ್ನನ್ನು ತಾನು ಅರಿತವನಿಗೆ ಔಷಧವೇಕೆ, ವೈದ್ಯನೇಕೆ?” ಎಂದು ಎಲ್ಲವನ್ನೂ ಬಿಡಲು ಹೊರಟಿದ್ದಾನಂತೆ. ತಂದೆಯವರು ಕೇಳಿರುವುದು ಒಂದೇ ಸಾಲು: ಮಗ ಹೇಳುವುದು ಶಾಸ್ತ್ರಸಮ್ಮತವೇ?

ಒಂದೇ ಮಾತಿನಲ್ಲಿ ಉತ್ತರ ಹೇಳಿ ಮುಗಿಸಬಹುದಿತ್ತು. ಆದರೆ ಇಂಥ ಪ್ರಶ್ನೆಗೆ ಅವಸರದಲ್ಲಿ ಉತ್ತರ ಹೇಳಿ ನಾವು ಒಮ್ಮೆ ತಪ್ಪಿದ್ದೇವೆ. ಅದನ್ನು ಆಮೇಲೆ ಹೇಳುತ್ತೇವೆ. ಮೊದಲು ಶಾಸ್ತ್ರ ಏನು ಹೇಳುತ್ತದೆ ನೋಡೋಣ.

ಛಾಂದೋಗ್ಯದ ಏಳನೆಯ ಅಧ್ಯಾಯದಲ್ಲಿ ನಾರದರು ಸನತ್ಕುಮಾರರ ಬಳಿಗೆ ಬರುತ್ತಾರೆ. ಬಂದ ಕಾರಣ ದುಃಖ. ತಾವು ಓದಿದ್ದನ್ನೆಲ್ಲ ಹೇಳಿಕೊಳ್ಳುತ್ತಾರೆ: ನಾಲ್ಕು ವೇದ, ಇತಿಹಾಸ ಪುರಾಣ, ವ್ಯಾಕರಣ, ಗಣಿತ, ತರ್ಕ, ನಕ್ಷತ್ರವಿದ್ಯೆ, ಇನ್ನೂ ಎಷ್ಟೋ. ಇಷ್ಟೆಲ್ಲ ಬಲ್ಲ ತಮಗೆ ತಮ್ಮನ್ನೇ ತಿಳಿಯದು, ಅದರಿಂದ ಶೋಕ ನೀಗಿಲ್ಲ ಎನ್ನುತ್ತಾರೆ. ಇಲ್ಲಿ ಒಂದು ಸಣ್ಣ ವಿಷಯವನ್ನು ಗಮನಿಸಬೇಕು. ಸನತ್ಕುಮಾರರು ಬಂದವರಿಗೆ ಕೂಡಲೇ ಉಪದೇಶ ಮಾಡಲಿಲ್ಲ. ನಿನಗೆ ತಿಳಿದಿರುವುದನ್ನು ಮೊದಲು ಹೇಳು, ಮುಂದಿನದನ್ನು ಆಮೇಲೆ ಹೇಳುತ್ತೇನೆ ಎಂದರು. ಮೊದಲು ಕೇಳಿಸಿಕೊಂಡರು. ಈ ಕ್ರಮವನ್ನು ನಮ್ಮ ಮಠಗಳಲ್ಲಿ ನಾವು ಎಷ್ಟರಮಟ್ಟಿಗೆ ಉಳಿಸಿಕೊಂಡಿದ್ದೇವೋ, ಹೇಳಲು ಸಂಕೋಚವಾಗುತ್ತದೆ.

ಎಂಟನೆಯ ಅಧ್ಯಾಯದ ಕಥೆ ನಿಮಗೆಲ್ಲ ಗೊತ್ತು. ಆತ್ಮವನ್ನು ಅರಿಯಬೇಕೆಂದು ದೇವತೆಗಳಿಂದ ಇಂದ್ರ, ಅಸುರರಿಂದ ವಿರೋಚನ ಪ್ರಜಾಪತಿಯ ಬಳಿಗೆ ಬಂದರು. ಮೂವತ್ತೆರಡು ವರ್ಷ ಕಾದ ಮೇಲೆ, ನೀರಿನಲ್ಲಿ ನಿಮ್ಮನ್ನು ನೋಡಿಕೊಳ್ಳಿ ಎಂದನು ಪ್ರಜಾಪತಿ. ನೋಡಿದರು, ಉಡುಗೆ ತೊಡುಗೆಯ ದೇಹ ಕಂಡಿತು. ಅದೇ ಆತ್ಮವೆಂದು ವಿರೋಚನ ಸಂತೋಷದಿಂದ ಹೊರಟುಹೋದ. ಇಂದ್ರ ಮಾತ್ರ ಅರ್ಧ ದಾರಿಯಿಂದ ಹಿಂತಿರುಗಿದ. ದೇಹ ಕುರುಡಾದರೆ ಆತ್ಮವೂ ಕುರುಡಾಗಬೇಕಲ್ಲ ಎಂಬುದು ಅವನ ಸಂದೇಹ. ಮತ್ತೆ ಮೂವತ್ತೆರಡು ವರ್ಷ. ಆಗ ಪ್ರಜಾಪತಿ, ಸ್ವಪ್ನದಲ್ಲಿ ಸಂಚರಿಸುವವನೇ ಆತ್ಮ ಎಂದ. ಇಂದ್ರ ಮತ್ತೆ ಬಂದ: ಕನಸಿನವನು ದೇಹದ ದೋಷದಿಂದ ಕೆಡದಿದ್ದರೂ, ಯಾರೋ ಅಟ್ಟಿಸಿಕೊಂಡು ಬಂದಂತೆ ಹೆದರುತ್ತಾನೆ, ಅಳುತ್ತಾನೆ, ಇದರಲ್ಲಿ ಸುಖವೇನು? ಮತ್ತೆ ಮೂವತ್ತೆರಡು ವರ್ಷ. ಗಾಢನಿದ್ರೆಯಲ್ಲಿ ಶಾಂತನಾಗಿರುವವನೇ ಆತ್ಮ ಎಂದು ಉತ್ತರ ಬಂತು. ಅದಕ್ಕೂ ಇಂದ್ರ ಒಪ್ಪಲಿಲ್ಲ. ಆ ನಿದ್ರೆಯಲ್ಲಿ ‘ಇದು ನಾನು’ ಎಂಬ ತಿಳಿವೇ ಇಲ್ಲ, ಇದು ಇಲ್ಲವಾಗಿ ಹೋದಂತೆಯೇ ಅಲ್ಲವೇ ಎಂದ. ಪ್ರಜಾಪತಿ ಸಿಟ್ಟಾಗಲಿಲ್ಲ. ನಿನ್ನ ಮಾತು ಸರಿ, ಇನ್ನೈದು ವರ್ಷ ಇರು ಎಂದ. ಒಟ್ಟು ನೂರ ಒಂದು ವರ್ಷ.

ಪಾಠಶಾಲೆಯಲ್ಲಿ ಇದನ್ನು ಓದುವಾಗ ನಮಗೆ ಆ ಕೊನೆಯ ಐದು ವರ್ಷದ ಉಪದೇಶದ ಮೇಲೆಯೇ ಕಣ್ಣು. ಮೊದಲಿನ ತೊಂಬತ್ತಾರು ವರ್ಷಗಳನ್ನು ಪೂರ್ವಪಕ್ಷವೆಂದು ಬಾಯಿಪಾಠ ಮಾಡಿ ದಾಟಿಬಿಡುತ್ತಿದ್ದೆವು. ಈಗ ವಯಸ್ಸಾದ ಮೇಲೆ ತೋರುತ್ತದೆ, ಮನುಷ್ಯರ ಬದುಕೆಲ್ಲ ನಡೆಯುವುದು ಆ ತೊಂಬತ್ತಾರರಲ್ಲಿಯೇ.

ಇನ್ನು ಪಶ್ಚಿಮದ ಕಡೆ ನೋಡೋಣ. ನಿನ್ನನ್ನು ನೀನು ತಿಳಿ ಎಂಬುದು ಗ್ರೀಸಿನ ಡೆಲ್ಫಿಯ ಗುಡಿಯಲ್ಲಿದ್ದ ಮಾತು. ಸಾಕ್ರೆಟೀಸ್ ಅದನ್ನೇ ಹಿಡಿದು ಊರಿನವರನ್ನೆಲ್ಲ ಪ್ರಶ್ನೆ ಕೇಳಿದ. ಆ ಪರಂಪರೆ ದೊಡ್ಡದು, ಇಲ್ಲಿ ವಿಸ್ತರಿಸುವುದಿಲ್ಲ. ನಮ್ಮ ವಿಷಯಕ್ಕೆ ಬೇಕಾದುದು ಅದು ತತ್ತ್ವಶಾಸ್ತ್ರದಿಂದ ಚಿಕಿತ್ಸೆಗೆ ಇಳಿದ ಸಂಗತಿ. 1879ರಲ್ಲಿ ಜರ್ಮನಿಯ ಲೈಪ್‌ಜಿಗ್‌ನಲ್ಲಿ ವುಂಟ್ ಎಂಬವರು ಮನಶ್ಶಾಸ್ತ್ರದ ಪ್ರಯೋಗಶಾಲೆ ತೆರೆದರು. 1895ರಲ್ಲಿ ವಿಯೆನ್ನಾದ ವೈದ್ಯರಾದ ಬ್ರಾಯರ್ ಮತ್ತು ಫ್ರಾಯ್ಡ್ ಸೇರಿ ಒಂದು ಪುಸ್ತಕ ಪ್ರಕಟಿಸಿದರು. ತನಗೇ ತಿಳಿಯದಂತೆ ಒಳಗೆ ಅವಿತಿರುವ ನೋವು ಮಾತಿನಲ್ಲಿ ಹೊರಬಂದರೆ ರೋಗಿಗೆ ಉಪಶಮನವಾಗುತ್ತದೆ ಎಂಬುದು ಅದರ ಸಾರ. ಅದಕ್ಕೆ ‘ಮಾತಿನ ಚಿಕಿತ್ಸೆ’ ಎಂಬ ಹೆಸರನ್ನು ಕೊಟ್ಟವಳು ಬ್ರಾಯರರ ರೋಗಿಯೇ ಹೊರತು ವೈದ್ಯರಲ್ಲ. ಪ್ರಜಾಪತಿ ತೋರಿದ ಎರಡನೆಯವನನ್ನು, ಆ ಹೆದರುವ, ಅಳುವ ಸ್ವಪ್ನಪುರುಷನನ್ನು, ಇವರು ಎದುರಿಗೆ ಕೂರಿಸಿಕೊಂಡು ಕೇಳಿದರು ಎಂದು ನಮಗೆ ತೋರುತ್ತದೆ. ಅಲ್ಲಿಂದ ಐದು ವರ್ಷಕ್ಕೆ ಫ್ರಾಯ್ಡರ ದೊಡ್ಡ ಗ್ರಂಥ ಬಂದದ್ದೂ ಕನಸನ್ನು ಕುರಿತೇ.

ನಮ್ಮ ನಾಡು ಇದರಲ್ಲಿ ಬಹಳ ಹಿಂದೆ ಬೀಳಲಿಲ್ಲ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ 1924ರಲ್ಲಿಯೇ ಮನಶ್ಶಾಸ್ತ್ರದ ವಿಭಾಗ ಆರಂಭವಾಯಿತು. ಅದನ್ನು ಕಟ್ಟಿದವರು ಎಂ. ವಿ. ಗೋಪಾಲಸ್ವಾಮಿಯವರು. ಮನೆಯಲ್ಲಿ ರೇಡಿಯೋ ನಿಲಯ ಹೂಡಿ ‘ಆಕಾಶವಾಣಿ’ಯನ್ನು ಕೇಳಿಸಿದವರೂ ಅವರೇ. ಆದರೆ ತತ್ತ್ವಶಾಸ್ತ್ರವೂ ಚಿಕಿತ್ಸೆಯೂ ಮುಖಾಮುಖಿ ನಿಂತ ಪ್ರಸಂಗ ಇನ್ನೊಂದಿದೆ. ನಾಲ್ವಡಿ ಕೃಷ್ಣರಾಜ ಒಡೆಯರಿಗೆ ವೇದಾಂತ ಪಾಠ ಹೇಳುತ್ತಿದ್ದವರು ವಿ. ಸುಬ್ರಹ್ಮಣ್ಯ ಅಯ್ಯರ್. 1937ರಲ್ಲಿ ಅವರು ಪ್ಯಾರಿಸ್ಸಿನ ತತ್ತ್ವಶಾಸ್ತ್ರ ಸಮ್ಮೇಳನಕ್ಕೆ ಹೋದರು. ಆ ಪ್ರವಾಸದಲ್ಲಿಯೇ ಸ್ವಿಟ್ಸರ್ಲೆಂಡಿನ ಪ್ರಸಿದ್ಧ ಮನೋವೈದ್ಯ ಕಾರ್ಲ್ ಯೂಂಗರನ್ನು ಕಂಡರು. ಅದೇ ಚಳಿಗಾಲದಲ್ಲಿ ಯೂಂಗರು ಕಲ್ಕತ್ತೆಯ ವಿಜ್ಞಾನ ಕಾಂಗ್ರೆಸ್ಸಿನ ರಜತೋತ್ಸವಕ್ಕೆಂದು ಭಾರತಕ್ಕೆ ಬಂದರು. ಮೈಸೂರಿನ ಗುರುಗಳೊಡನೆ ನಡೆದ ಗಂಭೀರ ಮಾತುಕತೆಯನ್ನು ತಮ್ಮ ಆತ್ಮಕಥೆಯಲ್ಲಿ ನೆನೆದಿದ್ದಾರೆ. ಇಬ್ಬರ ನಡುವೆ ಪತ್ರವ್ಯವಹಾರವೂ ಇತ್ತು.

ಇಬ್ಬರೂ ಸ್ನೇಹದಲ್ಲಿಯೇ ಭಿನ್ನಮತದವರು. ‘ನಾನು’ ಎಂಬ ಅಹಂಕಾರ ಅಡಗಿದ ಮೇಲೂ ಅರಿವು ಉಳಿಯುತ್ತದೆ ಎಂಬುದು ವೇದಾಂತಿಯ ಪಕ್ಷ. ಜಾಗ್ರತ್, ಸ್ವಪ್ನ, ಸುಷುಪ್ತಿ ಮೂರನ್ನೂ ವಿಚಾರಿಸದೆ ಸತ್ಯನಿರ್ಣಯ ಸಾಧ್ಯವಿಲ್ಲ ಎನ್ನುವವರು ಅವರು. ಯೂಂಗರದು ವೈದ್ಯರ ಪಕ್ಷ: ‘ನಾನು’ ಇಲ್ಲದಿದ್ದರೆ ಅರಿವು ಯಾರಿಗೆ? ಅರಿಯುವವನೇ ಇಲ್ಲದ ಸ್ಥಿತಿಯನ್ನು ಅರಿವೆಂದು ಕರೆಯುವುದು ಹೇಗೆ? ಅದು ಅಪ್ರಜ್ಞೆಯೇ ಆಗಿರಬೇಕು ಎಂದರು.

ನಮ್ಮವರಲ್ಲಿ ಕೆಲವರು, ಪಾಶ್ಚಾತ್ಯನಿಗೆ ವೇದಾಂತ ಅರ್ಥವಾಗಲಿಲ್ಲ ಎಂದು ನಕ್ಕು ಬಿಡುತ್ತಾರೆ. ನಗುವ ಮೊದಲು ಛಾಂದೋಗ್ಯವನ್ನು ಇನ್ನೊಮ್ಮೆ ತೆರೆಯಬೇಕು. ಯೂಂಗರು ಎತ್ತಿದ್ದು ಇಂದ್ರ ಮೂರನೆಯ ಸಲ ಎತ್ತಿದ ಸಂದೇಹವನ್ನೇ. ಪ್ರಜಾಪತಿ ಆ ಸಂದೇಹಕ್ಕೆ ‘ಸರಿ’ ಎಂದಿದ್ದಾನೆ. ವಿರೋಚನನಿಗೆ ಸಂದೇಹ ಬರಲಿಲ್ಲ, ಅದಕ್ಕೇ ಅವನು ಕೆಟ್ಟ. ಯೂಂಗರು ಆ ಐದು ವರ್ಷ ಇರಲಿಲ್ಲ ಎಂದು ನಾವು ಹೇಳಬಹುದು. ಆದರೆ ಅವರು ಹುಚ್ಚು ಹಿಡಿದವರನ್ನು ಕಣ್ಣಾರೆ ಕಂಡ ವೈದ್ಯರು. ‘ನಾನು’ ಎಂಬುದು ಒಡೆದು ಚೂರಾದವನ ಪಾಡು ಅವರಿಗೆ ಗೊತ್ತಿತ್ತು. ಅಹಂಕಾರವನ್ನು ಬಿಡು ಎಂಬ ಮಾತು ಅಂಥವನ ಕಿವಿಗೆ ಹೇಗೆ ಕೇಳೀತು ಎಂಬುದು ಗ್ರಂಥ ಓದಿದ ನಮಗಿಂತ ಅವರಿಗೆ ಚೆನ್ನಾಗಿ ಗೊತ್ತಿತ್ತು.

ಶರಣರ ಮಾರ್ಗದಲ್ಲಿಯೂ ಅರಿವು ಒಬ್ಬನೇ ಮೂಲೆಯಲ್ಲಿ ಕುಳಿತು ಪಡೆಯುವ ವಸ್ತುವಾಗಿರಲಿಲ್ಲ. ಶೂನ್ಯಸಂಪಾದನೆಯನ್ನು ನೋಡಿರಿ. ಅಣ್ಣ ಅಜಗಣ್ಣನನ್ನು ಕಳೆದುಕೊಂಡ ಮುಕ್ತಾಯಕ್ಕನ ಬಳಿಗೆ ಪ್ರಭುದೇವರು ತಾವಾಗಿ ಹೋಗುತ್ತಾರೆ. ಆಕೆ ಅಳುವುದನ್ನು ಕೇಳುತ್ತಾರೆ, ಆಕೆ ತಿರುಗಿ ಪ್ರಶ್ನಿಸಿದರೆ ಅದಕ್ಕೂ ನಿಲ್ಲುತ್ತಾರೆ. ಮಾತಿಗೆ ಮಾತು ಕೊಡುತ್ತಲೇ ಆಕೆಯ ಶೋಕ ಅರಿವಾಗಿ ತಿರುಗುತ್ತದೆ.

ಈಗ ನಿಮ್ಮ ಸೀಮೆಗೇ ಬರೋಣ. ಇಲ್ಲಿಂದ ಉಡುಪಿಗೆ ಹೋಗುವ ದಾರಿಯಲ್ಲಿಯೇ ಮಣಿಪಾಲ, 1953ರಲ್ಲಿ ವೈದ್ಯಕೀಯ ಕಾಲೇಜು ತೆರೆದ ಊರು. ಉಡುಪಿಯಿಂದ ಉತ್ತರಕ್ಕೆ ಕೋಟ. ಮಾರಿಸ್ ಕಾರ್‌ಸ್ಟೇರ್ಸ್, ಆರ್. ಎಲ್. ಕಪೂರ್ ಎಂಬ ಇಬ್ಬರು ಮನೋವೈದ್ಯರು ಆ ಕೋಟದಲ್ಲಿ ಬ್ರಾಹ್ಮಣ, ಬಂಟ, ಮೊಗವೀರ ಮನೆಗಳನ್ನು ಸುತ್ತಿ, ಜನರ ಮನಸ್ಸಿನ ಕಷ್ಟಗಳನ್ನು ಕೇಳಿ, 1976ರಲ್ಲಿ ಒಂದು ಗ್ರಂಥ ಪ್ರಕಟಿಸಿದರು. ಜನರು ಇಂಥ ಕಷ್ಟಕ್ಕೆ ಯಾರ ಬಳಿ ಹೋಗುತ್ತಾರೆ ಎಂಬುದನ್ನೂ ವಿಚಾರಿಸಿದರು. ನಾಟಿ ವೈದ್ಯರು, ಮಂತ್ರವಾದಿಗಳು, ದರ್ಶನ ಬರುವ ಪಾತ್ರಿಗಳು, ಇವರನ್ನು ಕಪೂರರು ಹೀಯಾಳಿಸಲಿಲ್ಲ. ಅವರು ಮಾಡುವುದೇನು ಎಂದು ಕುಳಿತು ನೋಡಿದರು. ಮುಂದೆ ಬೆಂಗಳೂರಿನ ನಿಮ್ಹಾನ್ಸಿನಲ್ಲಿ ಪ್ರಾಧ್ಯಾಪಕರಾಗಿದ್ದ ಅವರು ತಾವೇ ಯೋಗ ಕಲಿತರು, ಸಂನ್ಯಾಸಿಗಳನ್ನು ಹುಡುಕಿಕೊಂಡು ಹೋಗಿ ಮಾತನಾಡಿಸಿದರು. ಆ ಪುಸ್ತಕ ಹೊರಬಂದದ್ದು 2009ರಲ್ಲಿ, ಅವರು ತೀರಿಕೊಂಡ ಮೇಲೆ. ವೈದ್ಯನೊಬ್ಬ ನಮ್ಮ ಬಾಗಿಲಿಗೆ ಬಂದ. ನಮ್ಮಲ್ಲಿ ಎಷ್ಟು ಮಂದಿ ಅವರ ಬಾಗಿಲಿಗೆ ಹೋಗಿದ್ದೇವೆ?

ಈಗ ನಮ್ಮ ತಪ್ಪಿನ ಮಾತು. ಇಪ್ಪತ್ತು ವರ್ಷದ ಹಿಂದೆ ಒಬ್ಬ ಶಾಲಾ ಮೇಷ್ಟ್ರು ಮಠಕ್ಕೆ ಬರುತ್ತಿದ್ದರು. ಸದಾಚಾರಿ, ಓದಿದವರು. ಒಂದು ದಿನ ಬಂದು, “ಬುದ್ಧೀ, ನಿದ್ದೆ ಬರುವುದಿಲ್ಲ, ಅನ್ನ ಸೇರುವುದಿಲ್ಲ, ನಾನು ಯಾತಕ್ಕೂ ಬಾರದವನು ಎನ್ನಿಸುತ್ತದೆ” ಎಂದರು. ನಾವು ಅವರ ಮಾತು ಮುಗಿಯಗೊಡಲಿಲ್ಲ. “ಬಾರದವನು ಎನ್ನುವ ಆ ‘ನಾನು’ ಯಾರು, ಅದನ್ನು ವಿಚಾರ ಮಾಡಿ ಮೇಷ್ಟ್ರೇ. ಹೊರಗಿನ ವ್ಯವಹಾರ ಬಿಟ್ಟು ಒಳಗೆ ನೋಡಿ” ಎಂದೆವು. ಅವರು ವಿಧೇಯರು. ರಜೆ ಹಾಕಿ ಒಂದು ಕೋಣೆಯಲ್ಲಿ ಕುಳಿತು ಒಳಗೆ ನೋಡಿದರು. ಕಂಡದ್ದೇನು? ತಾವು ಮಾಡಿದ ತಪ್ಪು, ಮಾಡದ ತಪ್ಪು, ಅದೇ ಗಾಣ ಸುತ್ತಿದಂತೆ ಹಗಲೂ ರಾತ್ರಿ. ಮೂರು ವಾರಕ್ಕೆ ಅವರ ಹೆಂಡತಿ ಮಠಕ್ಕೆ ಓಡಿ ಬಂದು ನಮ್ಮೆದುರು ನಿಂತು, “ನೀವು ಕೂತ್ಕೋ ಅಂದ್ರಿ, ಅವರು ಬಾವಿ ಕಟ್ಟೆ ಮೇಲೆ ಕೂತಿದ್ದಾರೆ” ಎಂದರು. ಆ ತಾಯಿಯ ದನಿ ಇನ್ನೂ ಕಿವಿಯಲ್ಲಿದೆ. ನಾಲ್ಕು ಜನ ಕೂಡಿ ಅವರನ್ನು ಆಸ್ಪತ್ರೆಗೆ ಕರೆದೊಯ್ದರು. ಉಳಿದರು. ನಮ್ಮ ಪುಣ್ಯದಿಂದಲ್ಲ, ವೈದ್ಯರ ಕೈಗುಣದಿಂದ, ಆ ತಾಯಿಯ ಧೈರ್ಯದಿಂದ.

ಆಮೇಲೆ ನಾವು ವೈದ್ಯರನ್ನು ಕಂಡು ಕೇಳಿ ತಿಳಿದದ್ದು ಇದು. ಖಿನ್ನತೆಯಲ್ಲಿರುವವನು ತನ್ನ ಕೊರತೆಯನ್ನೇ ಮತ್ತೆ ಮತ್ತೆ ಮೆಲುಕು ಹಾಕಿದರೆ ಖಿನ್ನತೆ ಇನ್ನೂ ಬಲಿತು ಬಹುಕಾಲ ನಿಲ್ಲುತ್ತದೆ ಎಂದು ಸೂಸನ್ ನೋಲೆನ್ ಹೊಕ್ಸೆಮಾ ಎಂಬ ವಿದುಷಿ 1991ರಲ್ಲಿಯೇ ಬರೆದಿದ್ದರು. ಮೆಲುಕು ಬೇರೆ, ವಿಚಾರ ಬೇರೆ. ಹೊರಗಿನಿಂದ ನೋಡಿದರೆ ಎರಡೂ ಕಣ್ಣುಮುಚ್ಚಿ ಕುಳಿತ ಭಂಗಿಯೇ. ನಾವು ಭಂಗಿಯನ್ನು ನೋಡಿ ಮೋಸಹೋದೆವು. ಬಂದ ಯೋಚನೆಯನ್ನು ‘ಇದು ಒಂದು ಯೋಚನೆ, ನಾನಲ್ಲ’ ಎಂದು ಬದಿಯಲ್ಲಿ ನಿಂತು ನೋಡುವ ಅಭ್ಯಾಸವನ್ನೂ ಈಗ ವೈದ್ಯರು ಕಲಿಸುತ್ತಾರೆ. ನಾವು ಸಾಕ್ಷೀಭಾವ ಎನ್ನುವುದಕ್ಕೆ ಅದು ಬಹಳ ಹತ್ತಿರ. 2000ದಲ್ಲಿ ಟೀಸ್ಡೇಲ್ ಮತ್ತು ಸಂಗಡಿಗರು ಪ್ರಕಟಿಸಿದ ಪರೀಕ್ಷೆಯಲ್ಲಿ, ಮೂರಕ್ಕಿಂತ ಕಡಿಮೆಯಿಲ್ಲದಷ್ಟು ಸಲ ಖಿನ್ನತೆ ಬಂದು ಹೋದವರಿಗೆ ಅದರಿಂದ ಮರುಕಳಿಕೆ ಕಡಿಮೆಯಾಯಿತು. ಆದರೆ ಅವರು ಅದನ್ನು ಕಲಿಸಿದ್ದು ಕಾಯಿಲೆ ಇಳಿದ ಮೇಲೆ, ಎಂಟು ವಾರ ಜೊತೆಯಲ್ಲಿ ಕೂರಿಸಿಕೊಂಡು. ಕಾಯಿಲೆಯ ನಡುನೀರಿನಲ್ಲಿ ಒಬ್ಬನನ್ನೇ ಬಿಟ್ಟು ಅಲ್ಲ. ಈ ವಿವೇಕ ನಮಗೆ ಛಾಂದೋಗ್ಯದಿಂದಲೇ ಬರಬೇಕಿತ್ತು. ಸ್ವಪ್ನದಲ್ಲಿ ಅಳುವವನಿಗೆ ನಾವು ಕೊನೆಯ ಐದು ವರ್ಷದ ಪಾಠ ಹೇಳಿದ್ದೆವು.

ಆದಕಾರಣ, ಚೀಟಿ ಕೊಟ್ಟ ತಂದೆಯವರೆ, ನಿಮ್ಮ ಮಗ ಹೇಳುವುದು ಶಾಸ್ತ್ರಸಮ್ಮತವಲ್ಲ. ತನ್ನನ್ನು ಅರಿಯಬೇಕೆಂಬ ಹಂಬಲ ಸಮ್ಮತ. ಅದಕ್ಕಾಗಿ ಔಷಧ ಬಿಡಬೇಕೆಂಬುದು ಯಾವ ಉಪನಿಷತ್ತಿನಲ್ಲಿಯೂ ಯಾವ ಶರಣರ ಮಾತಿನಲ್ಲಿಯೂ ಇಲ್ಲ. ಮಾತ್ರೆಯನ್ನು ಕಡಿಮೆ ಮಾಡುವ ಕಾಲ ಬಂದರೆ ಕೊಟ್ಟ ವೈದ್ಯರೇ ಕ್ರಮವಾಗಿ ಇಳಿಸುತ್ತಾರೆ. ಥಟ್ಟನೆ ನಿಲ್ಲಿಸಿದರೆ ಅಪಾಯ. ಆದರೆ ಅವನನ್ನು ಗದರಿಸಬೇಡಿ. ಅವನಿಗೆ ಸಂದೇಹ ಹುಟ್ಟಿದೆ, ಅವನು ವಿರೋಚನನಲ್ಲ.

ನಾಳೆಯೂ ನಾವು ಹಿರಿಯಡ್ಕದಲ್ಲಿಯೇ ಇರುತ್ತೇವೆ. ಪೂಜೆ ಏಳು ಗಂಟೆಗೆ ಮುಗಿಯುತ್ತದೆ. ಅವನನ್ನು ಕರೆದುಕೊಂಡು ಬನ್ನಿ, ಔಷಧದ ಚೀಟಿಯನ್ನೂ ತನ್ನಿ. ಈ ಸಲ ಮೊದಲು ಅವನು ಮಾತನಾಡಲಿ.