1876: ‘ಯಾರು ಗೆದ್ದಿದ್ದರೆ’ ಅನ್ನೋದು ನಮ್ಮ ಪ್ರಶ್ನೆ ಅಲ್ಲ

‘ಹೀಗಾಗಿದ್ದಿದ್ದರೆ’ ಅನ್ನೋ ಆಟವನ್ನ ನಾವೆಲ್ಲ ಆಡ್ತೀವಿ. ಪೂನಾ ಒಪ್ಪಂದ ಆಗದೇ ಇದ್ದಿದ್ದರೆ? ಬಾಬಾಸಾಹೇಬರು ಇನ್ನೂ ಹತ್ತು ವರ್ಷ ಬದುಕಿದ್ದಿದ್ದರೆ? ಅಮೆರಿಕದವರಿಗೂ ಈ ಚಟ ಇದೆ. ಅವರ ಇಂಥ ಪ್ರಶ್ನೆಗಳಲ್ಲಿ ಒಂದು: 1876ರ ಅಧ್ಯಕ್ಷ ಚುನಾವಣೆಯಲ್ಲಿ ಹೇಯ್ಸ್ ಬದಲು ಟಿಲ್ಡನ್ ಅಧ್ಯಕ್ಷನಾಗಿದ್ದರೆ ಏನಾಗ್ತಿತ್ತು? ನಮ್ಮ ಹುಡುಗರ ಅಧ್ಯಯನ ಕೂಟಗಳಲ್ಲಿ ಈ ಕತೆಯನ್ನ ಎಷ್ಟೋ ಸಲ ಹೇಳಿದ್ದೀನಿ. ಇವತ್ತು ಬರೆದಿಡ್ತಿದ್ದೀನಿ. ಉದ್ದ ಇದೆ, ತಾಳ್ಮೆಯಿಂದ ಓದಿ.

ಮೊದಲು ಹಿನ್ನೆಲೆ. 1865ರಲ್ಲಿ ಅಂತರ್ಯುದ್ಧ ಮುಗಿದು ಗುಲಾಮಗಿರಿ ರದ್ದಾಯ್ತು. 1868ರಲ್ಲಿ ಕಪ್ಪು ಜನರಿಗೆ ಪೌರತ್ವ ಬಂತು, 1870ರಲ್ಲಿ ಗಂಡಸರಿಗೆ ಮತದಾನದ ಹಕ್ಕಿಗೆ ಸಂವಿಧಾನದ ರಕ್ಷಣೆ ಬಂತು. ನಿನ್ನೆ ಮೊನ್ನೆ ಹರಾಜಿನ ಕಟ್ಟೆ ಮೇಲೆ ನಿಂತಿದ್ದವರು ಇವತ್ತು ಮತಗಟ್ಟೆಯಲ್ಲಿ ನಿಂತರು. ಮಿಸಿಸಿಪ್ಪಿಯಿಂದ ಹೈರಮ್ ರೆವೆಲ್ಸ್ ಅನ್ನೋ ಕಪ್ಪು ಮನುಷ್ಯ 1870ರಲ್ಲಿ ದೇಶದ ಸೆನೆಟ್‌ಗೆ ಹೋದರು. ಸೌತ್ ಕ್ಯಾರೊಲೈನಾದ ಕೆಳಮನೆಯಲ್ಲಿ ಕಪ್ಪು ಸದಸ್ಯರದ್ದೇ ಬಹುಮತ. ದಕ್ಷಿಣದಲ್ಲಿ ಹೆಚ್ಚುಕಮ್ಮಿ 2000 ಕಪ್ಪು ಜನ ಒಂದಲ್ಲ ಒಂದು ಸಾರ್ವಜನಿಕ ಹುದ್ದೆಯಲ್ಲಿ ಕೂತರು. ಸರ್ಕಾರಿ ಶಾಲೆಗಳು ಶುರುವಾದವು.

ಆದರೆ ಒಂದು ಸಿಗಲಿಲ್ಲ: ಭೂಮಿ. ಯುದ್ಧದ ಕೊನೆಯಲ್ಲಿ ಕೆಲವು ಕಡೆ ನಲವತ್ತು ಎಕರೆ ಲೆಕ್ಕದಲ್ಲಿ ಹಂಚಿದ ಜಮೀನನ್ನೂ ಲಿಂಕನ್ ನಂತರ ಬಂದ ಅಧ್ಯಕ್ಷ ಜಾನ್ಸನ್ ಹಳೇ ಧಣಿಗಳಿಗೇ ವಾಪಸ್ ಕೊಡಿಸಿದ. ಕೈಯಲ್ಲಿ ಮತಪತ್ರ, ಹೊಟ್ಟೆಪಾಡಿಗೆ ಅದೇ ಧಣಿಯ ಹೊಲ. ನಮ್ಮ ಹಳ್ಳಿಗಳನ್ನ ಬಲ್ಲವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ.

ಬಿಳಿ ಜಮೀನ್ದಾರರು ಸುಮ್ಮನಿರಲಿಲ್ಲ. 1873ರ ಏಪ್ರಿಲ್ 13, ಈಸ್ಟರ್ ಭಾನುವಾರ, ಲೂಸಿಯಾನಾದ ಕೋಲ್‌ಫ್ಯಾಕ್ಸ್‌ನಲ್ಲಿ 60ಕ್ಕೂ ಹೆಚ್ಚು ಕಪ್ಪು ಜನರನ್ನ ಕೊಂದರು. ಅನೇಕರು ಶರಣಾದ ಮೇಲೆ ಸತ್ತವರು. ಶಿಕ್ಷೆಯಾಗಿದ್ದು ಮೂರೇ ಜನಕ್ಕೆ. 1876ರಲ್ಲಿ ಸುಪ್ರೀಂ ಕೋರ್ಟ್ ಅದನ್ನೂ ರದ್ದು ಮಾಡಿತು. ಸಂವಿಧಾನದ ತಿದ್ದುಪಡಿ ತಡೆಯೋದು ರಾಜ್ಯ ಸರ್ಕಾರದ ಅನ್ಯಾಯವನ್ನ, ಖಾಸಗಿ ಜನ ಮಾಡಿದ್ದನ್ನಲ್ಲ ಅಂತ ವಾದ. ನಮ್ಮ ಕಂಬಾಲಪಲ್ಲಿಯಲ್ಲಿ 2000ದಲ್ಲಿ ಏಳು ಜನ ದಲಿತರನ್ನ ಸುಟ್ಟರು, 2006ರಲ್ಲಿ ಆರೋಪಿಗಳೆಲ್ಲ ಖುಲಾಸೆಯಾದರು. ದೇಶ ಬೇರೆ, ಕಾನೂನಿನ ಕಾರಣ ಬೇರೆ. ಸತ್ತವರ ಮನೆಯವರಿಗೆ ಸಿಕ್ಕಿದ್ದು ಮಾತ್ರ ಒಂದೇ.

1875ರಲ್ಲಿ ಮಿಸಿಸಿಪ್ಪಿ ರಾಜ್ಯದ ಚುನಾವಣೆ. ಬಂದೂಕು ಹಿಡಿದ ಬಿಳಿಯರ ಗುಂಪುಗಳು ಸಭೆಗಳಿಗೆ ನುಗ್ಗಿದವು. ಸೈನ್ಯ ಕಳಿಸಿ ಅಂತ ರಾಜ್ಯಪಾಲ ಬೇಡಿದರೂ ವಾಷಿಂಗ್ಟನ್ ಕಳಿಸಲಿಲ್ಲ. ಕಪ್ಪು ಜನರೇ ಹೆಚ್ಚಿದ್ದ ಯಾಜೂ ಕೌಂಟಿಯಲ್ಲಿ ಅವರ ಪಕ್ಷಕ್ಕೆ ಬಿದ್ದ ಮತ ಎಷ್ಟು ಗೊತ್ತಾ? ಏಳು. ಏಳು ಸಾವಿರ ಅಲ್ಲ, ಏಳು.

(ಗೊಂದಲ ಬೇಡ: ಆಗ ರಿಪಬ್ಲಿಕನ್ ಅಂದರೆ ಲಿಂಕನ್ ಪಕ್ಷ, ಕಪ್ಪು ಜನ ನಂಬಿದ್ದ ಪಕ್ಷ. ದಕ್ಷಿಣದ ಡೆಮಾಕ್ರಟಿಕ್ ಪಕ್ಷ ಹಳೇ ಗುಲಾಮರ ಒಡೆಯರದ್ದು.)

ಇಂಥ ಹೊತ್ತಲ್ಲಿ 1876ರ ನವೆಂಬರ್ 7ರಂದು ಅಧ್ಯಕ್ಷ ಚುನಾವಣೆ ನಡೆಯಿತು. ರಿಪಬ್ಲಿಕನ್ ಅಭ್ಯರ್ಥಿ ರುದರ್‌ಫರ್ಡ್ ಹೇಯ್ಸ್, ಡೆಮಾಕ್ರಟಿಕ್ ಅಭ್ಯರ್ಥಿ ಸ್ಯಾಮ್ಯುಯೆಲ್ ಟಿಲ್ಡನ್. ಆ ಜುಲೈನಲ್ಲಿ ಸೌತ್ ಕ್ಯಾರೊಲೈನಾದ ಹ್ಯಾಂಬರ್ಗ್‌ನಲ್ಲಿ ಸೆರೆಸಿಕ್ಕ ಕಪ್ಪು ಯುವಕರಲ್ಲಿ ಕೆಲವರನ್ನ ಹೊರಗೆ ಎಳೆದು ಗುಂಡಿಟ್ಟಿದ್ದರು. ಓದು ಬಾರದವರನ್ನ ಏಮಾರಿಸೋಕೆ ಡೆಮಾಕ್ರಟರು ತಮ್ಮ ಮತಚೀಟಿ ಮೇಲೆ ಲಿಂಕನ್ ಚಿತ್ರ ಅಚ್ಚು ಹಾಕಿಸಿದ್ದೂ ಉಂಟು. ನಮ್ಮನ್ನ ಊರ ಹೊರಗಿಟ್ಟವರ ಬ್ಯಾನರ್‌ನಲ್ಲಿ ಬಾಬಾಸಾಹೇಬರ ಫೋಟೊ ನೋಡಿದಾಗೆಲ್ಲ ನನಗೆ ಆ ಚೀಟಿ ನೆನಪಾಗುತ್ತೆ.

ಫಲಿತಾಂಶ? ಒಟ್ಟು ಮತದಲ್ಲಿ ಟಿಲ್ಡನ್‌ಗೆ ಸುಮಾರು 43 ಲಕ್ಷ, ಹೇಯ್ಸ್‌ಗೆ ಸುಮಾರು 40 ಲಕ್ಷ. ಆದರೆ ಅಲ್ಲಿ ಅಧ್ಯಕ್ಷರನ್ನ ಆರಿಸೋದು ರಾಜ್ಯಕ್ಕೆ ಇಷ್ಟು ಅಂತ ಹಂಚಿದ ಎಲೆಕ್ಟರ್ ಮತಗಳು. ಆಗ ಒಟ್ಟು 369, ಗೆಲ್ಲೋಕೆ 185. ಟಿಲ್ಡನ್‌ಗೆ 184, ಹೇಯ್ಸ್‌ಗೆ 165. ಉಳಿದ 20 ಮತ ವಿವಾದದಲ್ಲಿ ಸಿಕ್ಕಿಕೊಂಡವು. ಅದರಲ್ಲಿ ಒಂದು ಆರೆಗಾನ್‌ನದ್ದು, ಮಿಕ್ಕಿದ್ದೆಲ್ಲ ದಕ್ಷಿಣದ ಫ್ಲಾರಿಡಾ, ಲೂಸಿಯಾನಾ, ಸೌತ್ ಕ್ಯಾರೊಲೈನಾದ್ದು. 15 ಜನರ ಆಯೋಗ ಕೂತು 8-7ರಲ್ಲಿ ಅಷ್ಟನ್ನೂ ಹೇಯ್ಸ್‌ಗೆ ಕೊಟ್ಟಿತು.

ಡೆಮಾಕ್ರಟರು ಇದನ್ನ ಯಾಕೆ ನುಂಗಿಕೊಂಡರು? ವಾಷಿಂಗ್ಟನ್ನಿನ ವರ್ಮ್‌ಲಿ ಹೋಟೆಲಿನಲ್ಲಿ ಎರಡೂ ಕಡೆಯವರು ಕೂತು ಮಾತಾಡಿಕೊಂಡಿದ್ದರು: ಅಧ್ಯಕ್ಷಗಿರಿ ನಿಮಗೆ, ದಕ್ಷಿಣ ನಮಗೆ. ಹೋಟೆಲಿನ ಮಾಲೀಕ ಜೇಮ್ಸ್ ವರ್ಮ್‌ಲಿ ಸ್ವತಃ ಕಪ್ಪು ಮನುಷ್ಯ. ಚೌಕಾಸಿಯ ಮೇಜಿನಲ್ಲಿ ಮಾತ್ರ ಕಪ್ಪು ಜನರ ಪರ ಒಂದು ಕುರ್ಚಿ ಇರಲಿಲ್ಲ. 1877ರ ಏಪ್ರಿಲ್‌ನಲ್ಲಿ ಹೇಯ್ಸ್, ಸೌತ್ ಕ್ಯಾರೊಲೈನಾ ಮತ್ತು ಲೂಸಿಯಾನಾದ ರಾಜ್ಯಸೌಧಗಳನ್ನ ಕಾಯ್ತಿದ್ದ ಸೈನ್ಯ ವಾಪಸ್ ಕರೆಸಿದ. ಅಲ್ಲಿನ ಕೊನೇ ರಿಪಬ್ಲಿಕನ್ ಸರ್ಕಾರಗಳು ಉರುಳಿದವು. ಅದೇ ಜುಲೈನಲ್ಲಿ ಮುಷ್ಕರ ಹೂಡಿದ ರೈಲ್ವೆ ಕಾರ್ಮಿಕರ ಮೇಲೆ ಕಳಿಸೋಕೆ ಸೈನ್ಯ ಇತ್ತು!

ಇನ್ನೊಂದು ಸಂಗತಿ. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದು ಕಪ್ಪು ಜನರ ದನಿಯಾಗಿದ್ದ ಫ್ರೆಡರಿಕ್ ಡಗ್ಲಾಸ್, 1876ರ ರಿಪಬ್ಲಿಕನ್ ಸಮಾವೇಶದಲ್ಲೇ ‘ಕೊಟ್ಟ ಮಾತು ಉಳಿಸಿಕೊಳ್ತೀರೋ ಇಲ್ಲವೋ’ ಅನ್ನೋ ಧಾಟಿಯಲ್ಲಿ ಮುಖಕ್ಕೆ ಹೊಡೆದ ಹಾಗೆ ಕೇಳಿದ್ದರು. 1877ರ ಮಾರ್ಚ್‌ನಲ್ಲಿ ಅದೇ ಡಗ್ಲಾಸರಿಗೆ ಹೇಯ್ಸ್ ರಾಜಧಾನಿಯ ಮಾರ್ಷಲ್ ಹುದ್ದೆ ಕೊಟ್ಟ. ಡಗ್ಲಾಸರಂಥ ದೊಡ್ಡವರನ್ನ ನಾನು ಬೈಯೋಕೆ ಹೋಗಲ್ಲ. ಆದರೆ ಲೆಕ್ಕ ನೋಡಿ: ಒಬ್ಬರಿಗೆ ಹುದ್ದೆ ಬಂದ ಮರು ತಿಂಗಳೇ ಲಕ್ಷಾಂತರ ಜನರ ರಕ್ಷಣೆ ಹೋಯ್ತು. ನಮಗೆ ಈ ಲೆಕ್ಕ ಹೊಸದಾ?

ಈಗ ಆ ಆಟಕ್ಕೆ ಬರೋಣ. ಟಿಲ್ಡನ್ ಅಧ್ಯಕ್ಷನಾಗಿದ್ದರೆ? ಸೈನ್ಯ ಹೇಗೂ ವಾಪಸ್ ಬರ್ತಿತ್ತು, ಅವನ ಪಕ್ಷದ ಬೇಡಿಕೆಯೇ ಅದು. ಕಪ್ಪು ಜನರ ಪಾಲಿಗೆ ಎರಡೂ ಚರಿತ್ರೆ ಒಂದೇ ಜಾಗಕ್ಕೆ ಬಂದು ನಿಲ್ಲುತ್ತೆ. ಅದಕ್ಕೇ ‘ಯಾರು ಗೆದ್ದಿದ್ದರೆ’ ಅನ್ನೋದು ಒಡೆಯರ ಪ್ರಶ್ನೆ ಅಂತೀನಿ. ನಮ್ಮ ಪ್ರಶ್ನೆ ಬೇರೆ: ಕಪ್ಪು ಮತದಾರರೆಲ್ಲ ಹೆದರಿಕೆ ಇಲ್ಲದೆ ಮತ ಹಾಕಿದ್ದಿದ್ದರೆ?

ಲೆಕ್ಕ ಹಾಕೋಣ. ಸೌತ್ ಕ್ಯಾರೊಲೈನಾ, ಮಿಸಿಸಿಪ್ಪಿ, ಲೂಸಿಯಾನಾ, ಈ ಮೂರೂ ರಾಜ್ಯಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಕಪ್ಪು ಜನರೇ. 1872ರಲ್ಲಿ ಮಿಸಿಸಿಪ್ಪಿಯಲ್ಲಿ ರಿಪಬ್ಲಿಕನ್ ಅಭ್ಯರ್ಥಿ ಗ್ರಾಂಟ್‌ಗೆ 82 ಸಾವಿರ ಮತ ಬಿದ್ದಿತ್ತು. 1876ರಲ್ಲಿ ಹೇಯ್ಸ್‌ಗೆ 52 ಸಾವಿರ. ನಡುವೆ ಇದ್ದದ್ದು ಬಂದೂಕು. ಆ ಬಂದೂಕು ಇಲ್ಲದಿದ್ದರೆ ಹೇಯ್ಸ್‌ನ 165ಕ್ಕೆ ಸೌತ್ ಕ್ಯಾರೊಲೈನಾದ 7, ಲೂಸಿಯಾನಾದ 8, ಮಿಸಿಸಿಪ್ಪಿಯ 8 ಸೇರಿ 188. ಫ್ಲಾರಿಡಾನೂ ಬೇಡ, ಆರೆಗಾನ್ನೂ ಬೇಡ. ಆಯೋಗ ಇಲ್ಲ, ಹೋಟೆಲ್ ಮಾತುಕತೆ ಇಲ್ಲ, ನಮ್ಮನ್ನ ಮಾರಬೇಕಾದ ಅಗತ್ಯವೇ ಇಲ್ಲ.

ಹಾಗಂತ ಸ್ವರ್ಗ ಇಳಿದು ಬರ್ತಿರಲಿಲ್ಲ. ಭೂಮಿ ಧಣಿಗಳ ಹತ್ತಿರವೇ ಇತ್ತು. ಉತ್ತರದ ಬಂಡವಾಳಗಾರರಿಗೆ ಹಕ್ಕಿಗಿಂತ ಹತ್ತಿ ಮುಖ್ಯವಾಗಿತ್ತು. ಆದರೆ ತಮ್ಮವರೇ ಷೆರೀಫ್ ಆಗಿ, ಜೂರಿಯಲ್ಲಿ ಕೂತು, ಶಾಲೆ ನಡೆಸೋ ಒಂದು ತಲೆಮಾರು ಸಿಕ್ಕಿದ್ದರೂ ಎಷ್ಟು ಸಾವು ತಪ್ಪುತ್ತಿತ್ತು! ನಿಜವಾದ ಚರಿತ್ರೆಯಲ್ಲಿ ಆದದ್ದು: 1890ರಲ್ಲಿ ಮಿಸಿಸಿಪ್ಪಿ ತಲೆಗಂದಾಯ, ಅಕ್ಷರ ಪರೀಕ್ಷೆ ತಂದು ಕಪ್ಪು ಜನರನ್ನ ಮತಪಟ್ಟಿಯಿಂದ ಅಳಿಸಿತು, ಬೇರೆ ರಾಜ್ಯಗಳೂ ಹಿಂಬಾಲಿಸಿದವು. ಗಟ್ಟಿ ಮತದಾನ ಕಾಯ್ದೆ ಬಂದಿದ್ದು 1965ರಲ್ಲಿ. 1877ರಿಂದ 88 ವರ್ಷ.

ಇದು ನಮಗೆ ದೂರದ ಕತೆ ಅಲ್ಲ. ಜೋತಿಬಾ ಫುಲೆಯವರು ‘ಗುಲಾಮಗಿರಿ’ ಪುಸ್ತಕವನ್ನ ಗುಲಾಮರ ಬಿಡುಗಡೆಗೆ ದುಡಿದ ಅಮೆರಿಕದ ಸಜ್ಜನರಿಗೆ ಅರ್ಪಿಸಿದ್ದು 1873ರಲ್ಲಿ, ಕೋಲ್‌ಫ್ಯಾಕ್ಸ್ ನಡೆದ ವರ್ಷವೇ. ಆ ಬಿಡುಗಡೆಯ ಮುಂದಿನ ದ್ರೋಹವನ್ನ ಬಾಬಾಸಾಹೇಬರು ಓದಿಕೊಂಡಿದ್ದರು. 1945ರಲ್ಲಿ ಕಾಂಗ್ರೆಸ್ ಮತ್ತು ಗಾಂಧಿ ಅಸ್ಪೃಶ್ಯರಿಗೆ ಮಾಡಿದ್ದೇನು ಅಂತ ಬರೆದ ಪುಸ್ತಕದಲ್ಲಿ ಅವರು ಅಂತರ್ಯುದ್ಧದ ನಂತರ ಕಪ್ಪು ಜನರಿಗಾದ ಗತಿಯನ್ನ ನೆನಪಿಸ್ತಾರೆ. ಸ್ವಾತಂತ್ರ್ಯ ಚಳವಳಿಗೆ ಯಾಕೆ ಕಣ್ಣುಮುಚ್ಚಿ ಧುಮುಕಲಿಲ್ಲ ಅಂತ ಬಾಬಾಸಾಹೇಬರನ್ನ ಜರಿಯೋರು ಆ ಪುಟಗಳನ್ನ ಓದಬೇಕು. ಲಿಖಿತ ರಕ್ಷಣೆ ಮೊದಲು ಅಂತ ಅವರು ಹಟ ಹಿಡಿದಿದ್ದು ಇದೇ ಕಾರಣಕ್ಕೆ. 1932ರಲ್ಲಿ ಪ್ರತ್ಯೇಕ ಮತಕ್ಷೇತ್ರ ಕಿತ್ತುಕೊಂಡು 148 ಸೀಟು ಕೊಟ್ಟಾಗ, ಸೀಟಿನ ಸಂಖ್ಯೆ ಏರಿತು. ಅಲ್ಲಿ ಯಾರು ಕೂರಬೇಕು ಅನ್ನೋ ಕೊನೇ ಮಾತು ಬೇರೆಯವರ ಕೈಗೆ ಹೋಯ್ತು.

ಹಾಗಾಗಿ ಗೆಳೆಯರೇ, ಮುಂದಿನ ಚುನಾವಣೆಯಲ್ಲಿ ‘ಅವರು ಗೆದ್ದರೆ ಏನು, ಇವರು ಗೆದ್ದರೆ ಏನು’ ಅಂತ ಕಿತ್ತಾಡೋ ಮುಂಚೆ ಮೂರು ವಿಷಯ ಕೇಳಿ. ನಮ್ಮ ಕೇರಿಯವರು ಧಣಿಯ ಹೆದರಿಕೆ ಇಲ್ಲದೆ ಮತ ಹಾಕ್ತಿದ್ದಾರಾ? ಕೊಟ್ಟ ಮಾತು ಬರಹದಲ್ಲಿ ಇದೆಯಾ? ನಮ್ಮ ಬಗ್ಗೆ ತೀರ್ಮಾನ ಆಗೋ ಮೇಜಿನಲ್ಲಿ, ನಮ್ಮ ಮತದಿಂದಲೇ ಗೆದ್ದು ನಮಗೇ ಉತ್ತರ ಕೊಡಬೇಕಾದ ಒಬ್ಬರಾದರೂ ಕೂತಿದ್ದಾರಾ? ನಿಮ್ಮೂರಿನ ಉತ್ತರ ಕೆಳಗೆ ಬರೀರಿ.

ಜೈ ಭೀಮ್.