ವೇಷ ಯಾರದು?

ಯಕ್ಷಗಾನದ ಕರಪತ್ರ ಕೈಗೆ ಬಂದೊಡನೆ ಹೊನ್ನಾವರ, ಕುಮಟಾ, ಭಟ್ಕಳದ ಅಭಿಮಾನಿಗಳಲ್ಲಿ ಚರ್ಚೆ ಶುರು: ಮುಖ್ಯ ವೇಷ ಯಾರದು? ಹಿಂದಿನ ತಲೆಮಾರಿನಲ್ಲಿ ಕೆರೆಮನೆ ಶಂಭು ಹೆಗಡೆ (1938–2009) ಅವರದೊಂದು ಪಕ್ಷ, ಚಿಟ್ಟಾಣಿ ರಾಮಚಂದ್ರ ಹೆಗಡೆ (1933–2017) ಅವರದು ಇನ್ನೊಂದು. ಇಬ್ಬರೂ ಹೊನ್ನಾವರ ತಾಲೂಕಿನವರೇ.

ಶಂಭು ಹೆಗಡೆ ದೆಹಲಿಯಲ್ಲಿ ಮಾಯಾ ರಾವ್ ಅವರ ಬಳಿ ನೃತ್ಯಸಂಯೋಜನೆ ಕಲಿತವರು. ತಂದೆ ಶಿವರಾಮ ಹೆಗಡೆ 1934ರಲ್ಲಿ ಕಟ್ಟಿದ ಇಡಗುಂಜಿ ಮೇಳದಲ್ಲಿ ಪಾತ್ರದ ಔಚಿತ್ಯಕ್ಕೆ ಒತ್ತು ಕೊಟ್ಟರು. 2012ರಲ್ಲಿ ಪದ್ಮಶ್ರೀ ಪಡೆದ ಚಿಟ್ಟಾಣಿಯವರಿಗೆ ಶಾಲೆಯ ಓದು ಕಡಿಮೆ. ಆದರೆ ಅವರ ಭಸ್ಮಾಸುರ ಮೋಹಿನಿಯನ್ನು ಕಂಡು ಕುಣಿಯತೊಡಗಿದರೆ ತೂಕಡಿಸುವವರೂ ನೆಟ್ಟಗೆ ಕೂರುತ್ತಿದ್ದರು. ಅದು ಅತಿಯಾಯಿತೆಂದು ಕೆಲವರು. ಕುಣಿತವಿಲ್ಲದ ಆಟವೇನು ಚಂದವೆಂದು ಉಳಿದವರು.

ಪ್ರಶ್ನೆ ಸಣ್ಣದಲ್ಲ. ವೇಷಧಾರಿ ಬದ್ಧನಾಗಬೇಕಾದ್ದು ಪ್ರಸಂಗಕ್ಕೋ, ಪ್ರೇಕ್ಷಕನಿಗೋ? ಬೆಳಗಿನ ಮಂಗಳವಾದ ಮೇಲೂ ಮನೆದಾರಿಯಲ್ಲಿ ಆ ವಾದ ಮುಂದುವರಿಯುತ್ತಿತ್ತು.